ಸೊಲ್ಲು ಹೇಳುವವರ ಸಿಂಫನಿ

ಗುಂಡ್ಲುಪೇಟೆ
12 ನವೆಂಬರ್ 2025, ಬುಧವಾರ

ಯಶೋದಳಿಗೆ,

ಗಂಡನಾದವನು ಹೆಂಡತಿಗೆ ಬರೆಯುವಾಗ ‘ಆಶೀರ್ವಾದಗಳು’ ಎಂದು ಶುರು ಮಾಡಬೇಕಂತೆ. ನಿನ್ನನ್ನು ಆಶೀರ್ವದಿಸುವ ಸ್ಥಾನದಲ್ಲಿ ನಾನಿಲ್ಲ ಎಂಬುದು ಹದಿನೆಂಟು ತಿಂಗಳಿಂದ ಇಬ್ಬರಿಗೂ ಗೊತ್ತಿರುವುದರಿಂದ ಅದನ್ನು ಬಿಟ್ಟಿದ್ದೇನೆ. ನನ್ನ ಫೋನನ್ನು ನೀನು ಎತ್ತುವುದಿಲ್ಲ. ಹರದನಹಳ್ಳಿಗೇ ಬಂದರೆ ನಿಮ್ಮಣ್ಣ ಸೋಮಣ್ಣ ಕಾಫಿ ಕೊಟ್ಟು, ಅರಿಸಿನದ ಬೆಳೆ ಹೇಗಿದೆ ಎಂದೆಲ್ಲ ಹೇಳಿ, ಮುಂದಿನ ಬಸ್ಸಿಗೆ ಮರ್ಯಾದೆಯಿಂದ ಹತ್ತಿಸಿಬಿಡುತ್ತಾನೆ. ಇನ್ನು ಉಳಿದಿರುವುದು ಅಂಚೆಯೊಂದೇ.

ಪುಟ್ಟಿಗೆ ಏಳು ತಿಂಗಳು ತುಂಬುತ್ತಿದೆ. ಸೀಮಂತ ಇದೇ 23ರ ಭಾನುವಾರ, ಇಲ್ಲಿ ನಮ್ಮ ಮನೆಯಲ್ಲಿ. ಮಗಳು ನಿನ್ನ ಜೊತೆ ದಿನಾ ಮಾತಾಡುತ್ತಾಳೆ, ಆದ್ದರಿಂದ ನಿನಗಿದು ಹಳೆಯ ಸುದ್ದಿ. ನನ್ನ ಹತ್ತಿರ ಅವಳು ಹೇಳಿದ್ದು ಎರಡೇ ಮಾತು. “ಅಪ್ಪಾ, ಅವತ್ತು ಅಮ್ಮ, ಸಣ್ಣಮ್ಮಜ್ಜಿ ಎಲ್ರೂ ಬಂದು ಹಾಡ್ಬೇಕು. ಅಮ್ಮ ಇಲ್ದಿದ್ ಮನೆಗೆ ನಾನು ಬಾಣಂತನಕ್ಕೆ ಬರಾಕಿಲ್ಲ, ಅಷ್ಟೇಯ.” ಅಳಿಯ ದಿಲೀಪ ಬದನಗುಪ್ಪೆಯ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದವನು, ಪಕ್ಕದಲ್ಲಿ ನಿಂತು ಕ್ಯಾಲೆಂಡರಿನಲ್ಲಿ ಹೋದ ತಿಂಗಳ ಹಬ್ಬಗಳನ್ನು ಓದುತ್ತಿದ್ದ. ಬುದ್ಧಿವಂತ ಹುಡುಗ.

ಹಾಗಾಗಿ ನೀನು ಬರಬೇಕು ಎಂದು ಕೇಳುವುದಕ್ಕೆ ಈ ಪತ್ರ. ಆದರೆ ಅದಕ್ಕೂ ಮೊದಲು ನನಗೊಂದು ಪ್ರಶ್ನೆಯಿದೆ. ಮೂರು ವಾರದಿಂದ ತಲೆ ತಿನ್ನುತ್ತಿದೆ. ಅದಕ್ಕೆ ಉತ್ತರ ಗೊತ್ತಿರುವವರಲ್ಲಿ ನನಗೆ ಪರಿಚಯವಿರುವುದು ನೀನೊಬ್ಬಳೇ.

ನಡೆದದ್ದು ಹೀಗೆ. ಚಾಮರಾಜನಗರದಿಂದ ಕುಮಾರಸ್ವಾಮಿ ಎಂಬ ಹಿರಿಯರು ನಮ್ಮ ಪ್ರೆಸ್ಸಿಗೆ ಬಂದರು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತರಾದವರು. ಒಂದು ರೈಲಿಗೂ ಇನ್ನೊಂದು ರೈಲಿಗೂ ನಡುವೆ ರೇಡಿಯೋ ತಿರುಗಿಸುತ್ತಾ ತಿರುಗಿಸುತ್ತಾ ಅವರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು ಹಿಡಿಯಿತಂತೆ. ‘ಮನುಷ್ಯರ ದನಿಯಿರುವ ನನ್ನ ಮೆಚ್ಚಿನ ಸಿಂಫನಿಗಳು’ ಎಂದು ಮೂವತ್ತೆರಡು ಪುಟ ಬರೆದಿದ್ದಾರೆ. ಸ್ನೇಹಿತರಿಗೆ ಹಂಚಲು ಅಚ್ಚು ಹಾಕಿಕೊಡಬೇಕು. ನಾನು ಕರಡು ತಿದ್ದುತ್ತಾ ‘ಸಾರ್, ಇಲ್ಲಿ ಒಂದು ಪ್ರಾಸ ಸೇರಿಸಿದರೆ ಓದಲು ಚೆನ್ನಾಗಿರುತ್ತದೆ’ ಎಂದೆ. ಅವರು ಕನ್ನಡಕ ತೆಗೆದರು.

“ಕೇಳಿದ್ದೀಯೇನಪ್ಪ ನೀನು, ಇದ್ರಲ್ಲಿ ಒಂದನ್ನಾರ?”

ಇಲ್ಲ ಎಂದೆ.

“ಕೇಳ್ದೆ ತಿದ್ದಕ್ ಬಂದ್ಬುಟ್ಟಾ? ಭಾನುವಾರ ಮನೆಗ್ ಬಾ. ಆಮೇಲ್ ಅಚ್ಚಾಕುವೆಯಂತೆ.”

ಹೋದೆ. ನಿನಗೂ ಗೊತ್ತಿರುವಂತೆ ಆರ್ಕೆಸ್ಟ್ರಾ ಎಂದರೆ ನಮ್ಮ ಕಡೆ ಒಂದು ಕೀಬೋರ್ಡು, ಒಂದು ಪ್ಯಾಡು, ಕೋಟು ಹಾಕಿಕೊಂಡು ಬೆವರುವ ಇಬ್ಬರು. ಇವರು ಟಿ.ವಿ.ಯಲ್ಲಿ ಹಾಕಿ ತೋರಿಸಿದ್ದು ಹಾಗಲ್ಲ. ಎಂಬತ್ತು ತೊಂಬತ್ತು ಜನ ಪಿಟೀಲು ತುತ್ತೂರಿ ಹಿಡಿದು ಕೂತಿರುತ್ತಾರೆ. ಅವರ ಹಿಂದೆ, ಮೆಟ್ಟಿಲು ಮೆಟ್ಟಿಲಾಗಿ, ಕಪ್ಪು ಬಟ್ಟೆ ಹಾಕಿದ ನೂರು ನೂರೈವತ್ತು ಜನ ಹಾಡುವವರು. ಅವರು ಬಂದು ಕೂತರು. ವಾದ್ಯ ಶುರುವಾಯಿತು. ಕಾಲು ಗಂಟೆ ಆಯಿತು, ಅರ್ಧ ಗಂಟೆ ಆಯಿತು. ಹಾಡುವವರು ಬಾಯಿ ಬಿಡಲಿಲ್ಲ.

“ಹಾಡೆಲ್ಲಿ ಸಾರ್?” ಎಂದೆ.

“ತಡಿಯಪ್ಪ. ಅವ್ರಿನ್ನೂ ಕೂತವ್ರೆ.”

ಅವರ ಹೆಂಡತಿ ಬಸವಮ್ಮನವರು ಉಪ್ಪಿಟ್ಟು ತಂದಿಟ್ಟು, “ನಲವತ್ ವರ್ಸದಿಂದ ಇದೇ ಕಣಪ್ಪ. ಮನೆಗ್ ಬಂದೋರ್ನೆಲ್ಲ ಇಡ್ಕೊಂಡು ಕೂರ್ಸ್ಬುಡ್ತಾರೆ. ಗ್ಯಾಸ್ ತರೋನು ಕೂಡ ಒಂದ್ ದಿನ ಸಿಕ್ಕಾಕ್ಕೊಂಡಿದ್ದ” ಎಂದರು.

ಅದು ಕಿವಿ ಕೇಳದೇ ಹೋದ ಜರ್ಮನಿಯವನೊಬ್ಬ ಕಟ್ಟಿದ್ದಂತೆ. ಮುಕ್ಕಾಲು ಗಂಟೆ ಬರೀ ವಾದ್ಯ. ಕೊನೆಯ ಭಾಗದಲ್ಲಿ ಗಲಾಟೆ ತಾರಕಕ್ಕೆ ಏರಿದಾಗ ದಪ್ಪ ದನಿಯವನೊಬ್ಬ ಎದ್ದು, ಇಷ್ಟು ಹೊತ್ತು ಬಾರಿಸಿದ್ದು ಸಾಕು ಎನ್ನುವ ಹಾಗೆ ಕೂಗಿ ಹಾಡಿಗೆ ಕರೆಯುತ್ತಾನೆ. ಹಿಂದಿನವರು ಅವನ ಮಾತು ಹಿಡಿದುಕೊಳ್ಳುತ್ತಾರೆ. ಅಲ್ಲಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ. ಯಶೋದಾ, ಅದು ಸೊಲ್ಲು! ಮುಂದೆ ಹೇಳುವವನೊಬ್ಬ, ಹಿಂದೆ ಸೊಲ್ಲು ಹೇಳುವವರು ನೂರು ಜನ. ಸಣ್ಣಮ್ಮ ಮುಂದೆ, ನೀನೂ ಸೇರಿ ಆರು ಜನ ಹಿಂದೆ ಸೋಬಾನೆ ಹೇಳುತ್ತಿದ್ದಿರಲ್ಲ, ಕೋಟು ಹಾಕಿಕೊಂಡಿದ್ದನ್ನು ಬಿಟ್ಟರೆ ಅದೇ ಏರ್ಪಾಡು.

ಆಮೇಲಿನ ಭಾನುವಾರವೂ ಹೋದೆ. ಅದರ ಮುಂದಿನದಕ್ಕೂ. ಪುಸ್ತಕ ಅಚ್ಚಾಗಿ ಹೋದ ಮೇಲೂ ಹೋಗುತ್ತಿದ್ದೇನೆ. ಹಿಮದ ನಾಡಿನ ಬಗ್ಗೆ ಒಂದು ಸಿಂಫನಿಯಿದೆ. ಅದರಲ್ಲಿ ಹೆಂಗಸರು ಮಾತೇ ಇಲ್ಲದೆ ಬರೀ ದನಿಯೆಳೆದು ಹಾಡುತ್ತಾರೆ, ಗಾಳಿ ಹಾಡಿದಂತೆ. ಪದವೇ ಇಲ್ಲದ ಮೇಲೆ ಪ್ರಾಸ ಎಲ್ಲಿ ಹುಡುಕಲಿ? ನನ್ನಂಥವನಿಗೆ ಅದು ಒಂದು ಬಗೆಯ ನಿರುದ್ಯೋಗ. ಆದರೂ ಎರಡು ಸಲ ಕೇಳಿದೆ. ಪೋಲೆಂಡಿನದೊಂದರಲ್ಲಿ ಒಬ್ಬಳೇ ಹೆಂಗಸು ಮೂರು ಹಾಡು ಹೇಳುತ್ತಾಳೆ. ಮಗನನ್ನು ಕಳೆದುಕೊಂಡ ತಾಯಿಯ ಮಾತಂತೆ. ಅದನ್ನು ಕೇಳಿದ ದಿನ ಕುಮಾರಸ್ವಾಮಿಗಳು ಎದ್ದು ಹಿತ್ತಲಿಗೆ ಹೋದರು. ಬಸವಮ್ಮನವರು ನನಗೆ ಸನ್ನೆ ಮಾಡಿ ಸುಮ್ಮನಿರಿಸಿದರು.

ನನ್ನ ಮೆಚ್ಚಿನದು ಇನ್ನೊಂದು. ಅದರಲ್ಲಿ ಹಾಡುವವರು ಒಂದು ಗಂಟೆಗೂ ಮಿಕ್ಕಿ ಕಾಯುತ್ತಾರೆ. ಎದುರಿಗೆ ತಮಟೆ ತುತ್ತೂರಿಗಳು ಪ್ರಳಯ ಮಾಡಿ ಸುಮ್ಮನಾದ ಮೇಲೆ, ಕೂತಲ್ಲೇ ಕೂತು ಹಾಡು ಶುರು ಮಾಡುತ್ತಾರೆ. ಎಷ್ಟು ಮೆಲ್ಲಗೆ ಎಂದರೆ ಶುರುವಾದದ್ದು ನನಗೆ ಗೊತ್ತೇ ಆಗಲಿಲ್ಲ. ನೂರೈವತ್ತು ಜನ ಸೇರಿ ಒಬ್ಬರ ಉಸಿರಿಗಿಂತ ಮೆಲ್ಲಗೆ. ಎರಡನೇ ಸಾಲಿನಲ್ಲಿ ತಲೆ ನರೆತ, ಕನ್ನಡಕದ ಒಬ್ಬ ಹೆಂಗಸಿದ್ದಳು. ಮೊದಲಿಂದ ನಾನು ಅವಳನ್ನೇ ನೋಡುತ್ತಿದ್ದೆ. ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟು ಕೂತಿದ್ದಾಳೆ. ಕೆಮ್ಮುವುದಿಲ್ಲ, ಆಕಳಿಸುವುದಿಲ್ಲ. ಒಮ್ಮೊಮ್ಮೆ ತುಟಿ ಅಲ್ಲಾಡುತ್ತದೆ. “ಸಾರ್, ಆ ಯಮ್ಮನ್ನ ಇನ್ನೊಂದ್ಸಲ ತೋರ್ಸಿ” ಎಂದು ಮೂರು ಸಲ ಹಿಂದಕ್ಕೆ ಹಾಕಿಸಿದೆ. ಬಸವಮ್ಮನವರು ನನ್ನನ್ನು ಒಂದು ಥರಾ ನೋಡಿದರು.

ಇದೇ ನನ್ನ ಪ್ರಶ್ನೆ. ಅಷ್ಟು ಹೊತ್ತು ಅವಳು ಏನು ಮಾಡುತ್ತಿರುತ್ತಾಳೆ? ಸಣ್ಣಮ್ಮ ಮುಂದಿನ ಸಾಲು ಹೇಳುವಾಗ ನೀನು ಏನು ಮಾಡುತ್ತಿದ್ದೆ? ಅಷ್ಟು ಜನ ಅಷ್ಟು ಮೆಲ್ಲಗೆ ಹಾಡುವುದು ಹೇಗೆ? ಇಪ್ಪತ್ತನಾಲ್ಕು ವರ್ಷ ನಿನ್ನ ಜೊತೆ ಬಾಳಿ ಒಂದು ಸಲವೂ ಇದನ್ನು ಕೇಳಲಿಲ್ಲ. ಸೊಲ್ಲು ಹೇಳುವವರಿಗೆ ಏನು ಕೆಲಸ, ಹೇಳಿದ್ದನ್ನು ಹೇಳುವುದು ಅಷ್ಟೇ ತಾನೇ ಎಂದುಕೊಂಡಿದ್ದೆ. ಬಿ.ಎ. ಓದಿದ ತಲೆ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆಯಲೇಬೇಕು. ಪುಟ್ಟಿಯ ಮದುವೆಗೆಂದು ನಾನು ಒಂಬತ್ತು ಹಾಡು ಕಟ್ಟಿದೆ. ‘ಮಾವಿನೆಲೆಯ ತೋರಣ, ಮಗಳ ನಗುವೇ ಕಾರಣ’ ಎಂದು ಎಲ್ಲದಕ್ಕೂ ಪ್ರಾಸ. ಹಳೆಯ ಸೋಬಾನೆಯಲ್ಲಿ ಸಾಲುಗಳು ಉದ್ದ ಗಿಡ್ಡ, ಪ್ರಾಸ ಅಲ್ಲೊಂದು ಇಲ್ಲೊಂದು. ನಾಲ್ಕು ಜನ ಓದಿದವರು ಬರುವ ಛತ್ರದಲ್ಲಿ ಅದು ಬೇಡ ಎನಿಸಿತು. ಮೈಸೂರಿನಿಂದ ಹಾಡುವ ಹುಡುಗಿಯನ್ನು ಕರೆಸಿದೆ. ಸಣ್ಣಮ್ಮನ ಗುಂಪಿಗೆ “ನೀವ್ ಊಟ ಮಾಡ್ಬುಡಿ” ಎಂದೆ. ನೀವು ಊಟಕ್ಕೆ ಹೋಗಲಿಲ್ಲ. ಚಪ್ಪರದ ಮೂಲೆಯಲ್ಲಿ ಕೂತು ಶುರು ಮಾಡಿದಿರಿ. ಆಗ ಸ್ಪೀಕರಿನ ಸದ್ದು ಏರಿತು. ನಿಮ್ಮ ಹಾಡು ಕೇಳದಂತಾಯಿತು.

ಸೌಂಡಿನವನು ತಾನಾಗಿಯೇ ಏರಿಸಿಬಿಟ್ಟ ಎಂದು ಅವತ್ತಿನಿಂದ ಹೇಳಿಕೊಂಡು ಬಂದಿದ್ದೇನೆ. ನಿನಗೆ, ಪುಟ್ಟಿಗೆ, ನಿಮ್ಮಣ್ಣನಿಗೆ, ನ್ಯಾಯ ಹೇಳಲು ಬಂದ ಎಲ್ಲರಿಗೂ. ಅದು ಸುಳ್ಳು. ನಾನೇ ಅವನ ಕಡೆ ತಿರುಗಿ ಬೆರಳು ಮೇಲಕ್ಕೆ ಎತ್ತಿದೆ. ಅವನು ಅನುಮಾನದಿಂದ ನಿಮ್ಮ ಕಡೆ ನೋಡಿದ. ನಾನು ಮತ್ತೊಂದು ಸಲ ಎತ್ತಿದೆ.

ತಪ್ಪಾಯಿತು. ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ನಿನ್ನ ಹೆಸರಿಗೆ ಹೊಂದುವ ಪದಗಳಲ್ಲಿ ಇಷ್ಟು ದಿನ ‘ವಿವಾದ’ವನ್ನೇ ಆರಿಸಿಕೊಂಡು ಬಂದೆ. ‘ಪ್ರಸಾದ’ವೂ ಇತ್ತು, ಕಣ್ಣಿಗೆ ಬೀಳಲಿಲ್ಲ.

ಭಾನುವಾರ ಬಾ. ನನಗಾಗಿ ಬೇಡ, ಮಗಳಿಗಾಗಿ. ಎಲ್ಲರನ್ನೂ ಕರೆದುಕೊಂಡು ಬಾ.

ಉತ್ತರಕ್ಕೆ ಕಾದಿರುವ,
ಶಿವರಾಮು

ತಾ.ಕ.: ಆ ಒಂಬತ್ತು ಹಾಡುಗಳ ಪುಸ್ತಕ ಇನ್ನೂರು ಅಚ್ಚು ಹಾಕಿದ್ದೆನಲ್ಲ, ನೂರ ಎಂಬತ್ತು ಹಾಗೇ ಉಳಿದಿದ್ದವು. ಎದುರಿನ ಬೋಂಡದಂಗಡಿಗೆ ಕೊಟ್ಟುಬಿಟ್ಟೆ. ಕಾಗದ ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ ಎಂದು ಅವನು ತುಂಬಾ ಹೊಗಳಿದ. ನನ್ನ ಸಾಹಿತ್ಯಕ್ಕೆ ಬಂದ ಮೊದಲ ವಿಮರ್ಶೆ.

*

ಹರದನಹಳ್ಳಿ
18-11-2025, ಮಂಗಳವಾರ

ಪುಟ್ಟಿಯ ಅಪ್ಪನವರಿಗೆ ಯಶೋದೆ ಬರೆಯುವುದೇನೆಂದರೆ,

ನಿಮ್ಮ ಕಾಗದ ನಿನ್ನೆ ಬಂತು. ಅಣ್ಣ ಒಡೆದು ನೋಡುವುದರಲ್ಲಿದ್ದ, ಕಿತ್ತುಕೊಂಡೆ. ಸಂಜೆ ಸಣ್ಣಮ್ಮನ ಜಗಲಿಯಲ್ಲಿ ಕೂತು, ಆ ಕನ್ನಡಕದ ಹೆಂಗಸಿನ ಭಾಗ ಮಾತ್ರ ನಮ್ಮವರಿಗೆಲ್ಲ ಓದಿ ಹೇಳಿದೆ. ಸಣ್ಣಮ್ಮ ಕೇಳಿದ್ದು ಒಂದೇ: “ಅಷ್ಟೊತ್ತು ಕೂರುಸ್ತಾರಲ್ಲ ಕಣಮ್ಮಿ, ಎಲೆ ಅಡಿಕೆನಾರ ಕೊಡ್ತಾರಾ?” ಅದನ್ನು ನಿಮ್ಮ ಸ್ಟೇಷನ್ ಮಾಸ್ಟರನ್ನು ಕೇಳಿ ಹೇಳಬೇಕಂತೆ.

ನಿಮ್ಮ ಪ್ರಶ್ನೆಗೆ ಉತ್ತರ. ಸೊಲ್ಲು ಹೇಳುವವರು ಸುಮ್ಮನೆ ಕೂತಿರುವುದಿಲ್ಲ. ಸಣ್ಣಮ್ಮನಿಗೆ ಎಪ್ಪತ್ತೆರಡು. ಹತ್ತು ವರ್ಷದಿಂದ ಅವಳು ನಡುನಡುವೆ ಮರೆಯುತ್ತಾಳೆ. ಮರೆಯುವ ಸಾಲು ಯಾವುದು ಅಂತ ನಮಗೆ ಮೊದಲೇ ಗೊತ್ತಾಗುತ್ತದೆ, ಅವಳ ಕುತ್ತಿಗೆ ಸ್ವಲ್ಪ ಬಿಗಿಯುತ್ತದೆ. ಅಷ್ಟರಲ್ಲಿ ಹಿಂದಿನಿಂದ ಮೊದಲ ಪದವನ್ನು ಅವಳ ಕಿವಿಗೆ ಹಾಕಿರುತ್ತೇವೆ. ಅವಳು ಅದನ್ನು ಎತ್ತಿಕೊಂಡು ಹಾಡುತ್ತಾಳೆ. ಕೇಳುವವರು ಅಬ್ಬಾ ಸಣ್ಣಮ್ಮನ ನೆನಪೇ ಅನ್ನುತ್ತಾರೆ. ಅವಳಿಗೆ ಉಸಿರು ಸಾಲದ ಕಡೆ ನಾವು ಸೇರಿಕೊಳ್ಳುತ್ತೇವೆ, ಅವಳು ಉಸಿರು ತಗೊಂಡು ಬರುತ್ತಾಳೆ. ಆ ಯಮ್ಮನ ತುಟಿ ಅಲ್ಲಾಡುತ್ತಿತ್ತು ಅಂದಿರಲ್ಲ, ಅವಳೂ ಯಾರಿಗೋ ಹಾಕಿಕೊಡುತ್ತಿದ್ದಳೋ ಏನೋ.

ಮೆಲ್ಲಗೆ ಹಾಡುವುದಕ್ಕೆ ನಮ್ಮವ್ವ ಹೇಳಿಕೊಟ್ಟದ್ದು ಇಷ್ಟೇ. ಪಕ್ಕದವಳ ದನಿ ನಿನಗೆ ಕೇಳುತ್ತಾ ಇರಬೇಕು. ನಿನ್ನದೇ ಕೇಳಿದರೆ ಜಾಸ್ತಿ ಆಯಿತು ಅಂತ ತಿಳಿ. ನೂರೈವತ್ತು ಜನ ಆದರೂ ಅಷ್ಟೇ ಇರಬೇಕು.

ಮದುವೆ ದಿನದ್ದು. ನೀವು ಬೆರಳು ಎತ್ತಿದ್ದನ್ನು ನಾನು ಅವತ್ತೇ ನೋಡಿದ್ದೆ. ಎರಡು ಸಲ. ಸದ್ದು ಏರಿಸಿದ್ದಕ್ಕೆ ನಾನು ಮನೆ ಬಿಟ್ಟು ಬರಲಿಲ್ಲ. ಅವತ್ತು ಸಂಜೆ ನನ್ನ ಮುಖ ನೋಡಿಕೊಂಡು ಸೌಂಡಿನವನ ಮೇಲೆ ಹಾಕಿದಿರಲ್ಲ, ಅದಕ್ಕೆ ಬಂದೆ. ಈ ಮಾತು ನಿಮ್ಮ ಬಾಯಿಂದಲೇ ಬರಲಿ ಅಂತ ಇದ್ದೆ. ಬರುವುದಿಲ್ಲ ಅಂತಲೂ ಅಂದುಕೊಂಡಿದ್ದೆ.

ಇನ್ನೊಂದು ವಿಷಯ ನಿಮಗೆ ಗೊತ್ತಿಲ್ಲ. ಸದ್ದು ಏರಿದ ಮೇಲೆ ನಾವು ಹಾಡುವುದನ್ನು ನಿಲ್ಲಿಸಲಿಲ್ಲ. ಧಾರೆಯಿಂದ ಹಿಡಿದು ಆರತಿವರೆಗೂ ಎಲ್ಲವನ್ನೂ ಹೇಳಿ ಮುಗಿಸಿದೆವು. ನಮ್ಮ ದನಿ ನಮಗೇ ಕೇಳುತ್ತಿರಲಿಲ್ಲ, ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ಹೇಳಿದೆವು. ಪುಟ್ಟಿ ಮಣೆ ಮೇಲೆ ಕೂತು ನಮ್ಮ ಬಾಯನ್ನೇ ನೋಡುತ್ತಿದ್ದಳು. ಮಗಳ ಮದುವೆ ಸೋಬಾನೆ ಇಲ್ಲದೆ ಆಯಿತು ಅಂತ ನೀವು ಕೊರಗಬೇಡಿ. ಆಗಿದೆ.

ಮಗಳ ಸೀಮಂತಕ್ಕೆ ಬರಲು ನಿಮ್ಮ ಕಾಗದ ಬೇಕಿರಲಿಲ್ಲ. ಅವಳು ದಿನ ಹೇಳಿದ ಕೂಡಲೇ, ಬೆಳಿಗ್ಗೆ ಬಂದು ಹಾಡಿ ಸಂಜೆ ಎಲ್ಲರೂ ವಾಪಸ್ಸು ಹೊರಡುವುದು ಅಂತ ಗೊತ್ತು ಮಾಡಿಕೊಂಡಿದ್ದೆವು. ಸಣ್ಣಮ್ಮನ ಗಂಟಲು ಕಟ್ಟಿದೆ. “ಮುಂದ್ಗಡೆ ನೀನೇ ಹೇಳ್ಬುಡು ಕಣಮ್ಮಿ, ನಾನ್ ಹಿಂದ್ಲಿಂದ ಹಾಕ್ಕೊಡ್ತೀನಿ” ಅಂದಿದ್ದಾಳೆ. ಹೆದರಿಕೆ ಆಗುತ್ತಿದೆ. ಇಪ್ಪತ್ತು ವರ್ಷದಿಂದ ಹಿಂದಿನ ಸಾಲಿನಲ್ಲೇ ಕೂತವಳು ನಾನು. ಮೈಕು ಗೀಕು ತರಿಸಬೇಡಿ. ಹಾಡು ಶುರುವಾದ ಮೇಲೆ ಭೇಷ್ ಅಂತಲೂ ಅನ್ನಬೇಡಿ. ಸುಮ್ಮನೆ ಕೂತಿರಿ, ನಿಮಗೆ ಈಗ ಅಭ್ಯಾಸ ಆಗಿದೆಯಲ್ಲ.

ಇಂತಿ,
ಯಶೋದ

ತಾ.ಕ.: ಬರುವಾಗ ನಾವು ಏಳು ಜನ. ಸಂಜೆ ಚಾಮರಾಜನಗರದ ಬಸ್ಸಿಗೆ ಆರು ಜನರನ್ನು ಹತ್ತಿಸಿದರೆ ಸಾಕು. ಯಾಕೆ ಅಂತ ಅವರೆಲ್ಲರ ಮುಂದೆ ಕೇಳಬೇಡಿ.