ಆಟಿಯ ಪಾಯಸ

ಡಾಕ್ಟ್ರಮ್ಮನವರಿಗೆ ನಮಸ್ಕಾರ.

ನನ್ನ ಸೊಸೆ ಶರ್ಮಿಳಾ ಒಳಗೆ ಬರುವ ಮುಂಚೆ ಇದನ್ನು ಓದಿ. ಕ್ಯಾನ್ಸರ್ ವಾಸಿಯಾದ ಮೇಲೂ ಉಳಿದ ಕೈಕಾಲು ಉರಿಗೆ ನೀವು ಯೋಗ, ಎಣ್ಣೆ ತಿಕ್ಕುವುದು ಹೇಳಿಕೊಟ್ಟಿರಿ. "ನನ್ನ ಕೇಳದೆ ಸೊಪ್ಪು, ಕಷಾಯ ಕೊಡ್ಬೇಡಿ" ಅಂತಲೂ ಅಂದಿದ್ದಿರಿ.

ಆಟಿ ತಿಂಗಳ ಹದಿನೆಂಟಕ್ಕೆ ನಮ್ಮ ಕೊಡಗಿನ ಪದ್ಧತಿಯಂತೆ ಮದ್ದುಸೊಪ್ಪಿನ ಪಾಯಸ ಮಾಡಿ, ಒಳ್ಳೆಯದಾಗಲಿ ಅಂತ ಅವಳಿಗೂ ಬಡಿಸಿಬಿಟ್ಟೆ. ಅದನ್ನು ತಿಂದರೆ ಮೂತ್ರ ಕೆಂಪಾಗುತ್ತದೆ. ಮೈಸೂರಿನ ಹುಡುಗಿಗೆ ಗೊತ್ತಿರಲಿಲ್ಲ. ರೋಗ ಮತ್ತೆ ಬಂತೆಂದು ಅಳುತ್ತಾ ಬಂದಳು. ಅದು ಸೊಪ್ಪಿನ ಬಣ್ಣ ಅಂತ ನಾನು ಹೇಳಿದರೆ, "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ ಅತ್ತೆ" ಅನ್ನುತ್ತಾಳೆ. ಊಟ ಬಿಟ್ಟಿದ್ದಾಳೆ.

ಅವಳು ಈಗಲೂ ನುಂಗುವ ಮಾತ್ರೆಗೆ ಸೊಪ್ಪಿನಿಂದ ತೊಂದರೆಯಾಯಿತೋ ಅಂತ ನನಗೂ ಹೆದರಿಕೆ, ದಯವಿಟ್ಟು ನೋಡಿ. ನಾನು ಹೊರಗಿನ ಬೆಂಚಿನಲ್ಲೇ ಇದ್ದೇನೆ. ಕರೆದು ಅವಳ ಎದುರಿಗೇ ಬೈಯಿರಿ. ನೀವು ಜೋರಾಗಿ ಬೈದರೆ ಅವಳು ನಂಬುತ್ತಾಳೆ.

ಇಂತಿ,
ದೇವಕ್ಕಿ, ಭಾಗಮಂಡಲ