ತುದಿ ಬೀದಿಗೆ ನೀರು

ಹಾಸ್ಟೆಲ್, ಎರಡನೇ ಮಹಡಿ
ಗುರುವಾರ, ನವೆಂಬರ್ ೬, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಎಡ ಹೊಟ್ಟೆಯ ನೋವು ತಗ್ಗಿತೇ? ಮಲದಲ್ಲಿ ರಕ್ತ ಮತ್ತೆ ಕಾಣಿಸಿತೇ? ಬಾಯಿಗೆ ಏನೂ ಕೊಡದೆ ಬರೀ ಡ್ರಿಪ್ ಮೇಲೆ ಇಟ್ಟಿದ್ದಾರೆಂದು ನರ್ಸಮ್ಮನ ಜೊತೆ ಜಗಳ ಕಾಯುತ್ತಿದ್ದೀಯಂತೆ, ಅಮ್ಮ ಫೋನಿನಲ್ಲಿ ದೂರಿದಳು. ಬೇಡ ಅಪ್ಪಾ, ನಿನ್ನ ಕರುಳಿಗೆ ಈಗ ರಜೆ ಬೇಕು. ಐದನೇ ಕ್ಲಾಸಿಗೇ ಹಾಸ್ಟೆಲ್ ಸೇರಿ ನನ್ನ ಕನ್ನಡ ಅರ್ಧ ಇಂಗ್ಲಿಷ್ ಆಗಿದೆ. ತಪ್ಪು ಕಂಡರೆ ನಗು, ಆದರೆ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ನಗು.

ನಿನ್ನ ಕಾಯಿಲೆಗೆ ಇಸ್ಕೀಮಿಕ್ ಕೊಲೈಟಿಸ್ ಎನ್ನುತ್ತಾರೆ. ಲೈಬ್ರರಿಯಲ್ಲಿ ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಕೊನೆಗೆ ನೆನಪಾದದ್ದು ನೀನು ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ. ರಜೆಗೆ ಬಂದಾಗ ನಿನ್ನ ಸೈಕಲ್ ಹತ್ತಿ ಬೀದಿ ಬೀದಿಗೆ ನೀರು ಬಿಡಲು ಬರುತ್ತಿದ್ದೆನಲ್ಲ, ಆಗೆಲ್ಲ ನಿನ್ನನ್ನು ಬೈಯುತ್ತಿದ್ದವರು ತುದಿ ಬೀದಿಯವರು. ಎರಡು ಟ್ಯಾಂಕುಗಳ ಪೈಪುಗಳೂ ಅಲ್ಲಿಗೇ ಬಂದು ಮುಗಿಯುತ್ತವೆ, ಆದರೂ ಪ್ರೆಷರ್ ಇಳಿದ ದಿನ ಮೊದಲು ಒಣಗುವುದು ಅದೇ ಬೀದಿ. "ಎರಡಕ್ಕೂ ಇವ್ರೇ ಕೊನೇವ್ರು, ಪಾಪ" ಎನ್ನುತ್ತಿದ್ದೆ ನೀನು. ದೊಡ್ಡ ಕರುಳು ಎಡ ಪಕ್ಕೆಯ ಕೆಳಗೆ ತಿರುಗುವ ಜಾಗವೂ ಅಂಥದ್ದೇ. ಎರಡು ರಕ್ತನಾಳಗಳ ತುದಿ ಅಲ್ಲಿ ಸೇರುತ್ತದೆ. ಮೈಯಲ್ಲಿ ನೀರು ಬತ್ತಿ ಬಿಪಿ ಇಳಿದರೆ ಹೃದಯ, ಮಿದುಳು ತಮ್ಮ ಪಾಲನ್ನು ಮೊದಲು ಎಳೆದುಕೊಳ್ಳುತ್ತವೆ. ಆ ತಿರುವಿಗೆ ರಕ್ತ ಸಾಲದೆ ಕರುಳಿನ ಒಳಪದರ ಹುಣ್ಣಾಗುತ್ತದೆ. ಬಹಳ ಮಂದಿಗೆ ಡ್ರಿಪ್ ಮತ್ತು ವಿಶ್ರಾಂತಿಯಲ್ಲೇ ವಾಸಿಯಾಗುತ್ತದಂತೆ. ಕೆಲವರಿಗೆ ಆ ತುಂಡನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಆ ಪುಟ ಬಂದಾಗ ಪುಸ್ತಕ ಮುಚ್ಚಿದೆ. ಹೃದಯದ ಟೆಸ್ಟೆಲ್ಲ ಸರಿಯಿದೆ, ಹಾಗಾದರೆ ರಕ್ತದ ಹರಿವು ಏಕೆ ಕುಗ್ಗಿತೆಂದು ಡಾಕ್ಟರು ಇನ್ನೂ ಹುಡುಕುತ್ತಿದ್ದಾರೆ ಎಂದಳು ಅಮ್ಮ.

ಅವಳಿಗೆ ಒಂದು ಗಂಟೆಯಾದರೂ ಮಲಗಲು ಹೇಳು. ನಿನ್ನನ್ನು ಸಹಿಸಿಕೊಂಡಿರುವ ನರ್ಸಮ್ಮನಿಗೆ ನನ್ನದೊಂದು ದೊಡ್ಡ ನಮಸ್ಕಾರ.

ನಿನ್ನ ಮಗಳು,
ನಿನ್ನ ಬಾಯಲ್ಲಿ ಈಗಾಗಲೇ 'ಡಾಕ್ಟರಮ್ಮ'

ಮರೆತಿದ್ದೆ. ಸುಳ್ಳು, ಮರೆತಿರಲಿಲ್ಲ, ಧೈರ್ಯ ಸಾಲದೆ ಬಿಟ್ಟಿದ್ದೆ. ಈ ಪತ್ರ ನಿನಗೆ ತಲುಪಿಸಲು ಚಿಕ್ಕಪ್ಪ ಗೇಟಿನ ಹತ್ತಿರ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೂರು ವಾರದ ಹಿಂದೆ ನೀನು ಫೋನಿನಲ್ಲಿ ನಾಚುತ್ತಾ ರಕ್ತದ ಮಾತೆತ್ತಿದಾಗ, ಮರುದಿನದ ಟೆಸ್ಟಿನ ಗಡಿಬಿಡಿಯಲ್ಲಿ ನಾನು, "ಪೈಲ್ಸ್ ಇರ್ಬೇಕು ಅಷ್ಟೇ, ಹೊಟ್ಟೆ ಕ್ಲೀನಾಗೋ ಮಾತ್ರೆ ತಗೋ" ಅಂದುಬಿಟ್ಟೆ. ಹೋದ ವಾರ ಕೂಡ ನೀನು ನುಂಗುತ್ತಲೇ ಇದ್ದೆ, ದಿನಕ್ಕೆ ಏಳೆಂಟು ಸಲ ಕಕ್ಕಸಿಗೆ ಓಡುತ್ತಿದ್ದೇನೆಂದು ನೀನೇ ಫೋನಿನಲ್ಲಿ ನಕ್ಕೆ. ಮೈಯ ನೀರು ಬತ್ತಿದ್ದು ಅದರಿಂದಲೇ ಇರಬಹುದು. ಈಗ ಡಾಕ್ಟರು ಕೇಳಿದರೆ ಇದೇ ಮೊದಲ ಸಲ, ಯಾವ ಮಾತ್ರೆಯೂ ತಗೊಂಡಿಲ್ಲ ಅಂದೆಯಂತೆ. ಯಾರ ಮುಖ ಉಳಿಸಲು ಅಂತ ನನಗೆ ಗೊತ್ತು. ಅಮ್ಮನಿಗೂ ಹೇಳಲು ನನಗೆ ಬಾಯಿ ಬರಲಿಲ್ಲ. ಮಾತ್ರೆಯ ಖಾಲಿ ಪಟ್ಟಿ ನಿನ್ನ ಕೆಲಸದ ಶರ್ಟಿನ ಜೇಬಿನಲ್ಲಿರುತ್ತದೆ, ಡಾಕ್ಟರು ಸಂಜೆ ರೌಂಡ್ಸಿಗೆ ಬಂದಾಗ ತೋರಿಸು. ಮಗಳು ಹೇಳಿದಳೆಂದೇ ಹೇಳು. ಲಕೋಟೆ ಅಂಟಿಸದೆ ಕೊಡುತ್ತಿದ್ದೇನೆ. ನೀನು ಇದನ್ನು ದಿಂಬಿನ ಕೆಳಗೆ ಇಟ್ಟುಬಿಟ್ಟರೆ, ಚಿಕ್ಕಪ್ಪ ಡಾಕ್ಟರಿಗೆ ಓದಿ ಹೇಳುತ್ತಾನೆ.