ನೆಮ್ಮದಿಯಾದ ಊರಿಗೆ ದವಾಖಾನೆ ಇಲ್ಲ

ಫೆಬ್ರವರಿ ೩೦, ೨೧೮೭
ಬಿಳೇಕಲ್ಲು, ಎರಡು ಹೊಳೆಗಳ ನಡುವಿನ ಸೀಮೆ

ನೂರೈವತ್ತು ವರ್ಷದ ಹಿಂದೆ ಯಾವುದೋ ಸರ್ಕಾರಿ ಕಚೇರಿಯ ಕುರ್ಚಿಯಲ್ಲಿ ಕುಳಿತಿರುವ ಸಾಹೇಬರಿಗೆ, ಬಿಳೇಕಲ್ಲಿನ ಶಂಕ್ರವ್ವ ಮಾಡುವ ಶರಣು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಸಂಬಳ ಹಂಚಲು ಸುಲಭವಾಗಲೆಂದು ರಾಜಧಾನಿಯವರು ಹಾಗೆ ಮಾಡಿ, ವರ್ಷದ ಕೊನೆಗೆ ಮಿಕ್ಕಿದ ದಿನಗಳಿಗೆ 'ಬಿಟ್ಟ ದಿನ' ಎಂದು ಹೆಸರಿಟ್ಟರು. ಆ ದಿನಗಳಲ್ಲಿ ಕಚೇರಿ ಇಲ್ಲ, ಕಾನೂನಿಲ್ಲ, ಹುಟ್ಟಿದ ಕೂಸಿಗೆ ಜನ್ಮದಿನವೂ ಇಲ್ಲ. ನನ್ನ ಭಾಷೆಯೂ ನಿಮಗೆ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಮ್ಮ ದವಾಖಾನೆಯ ಗೋಡೆಗಳ ಮೇಲೆ ಉಳಿದಿರುವ ಹಳೆಯ ಬರಹಗಳಿಂದ. ಬಾಣಂತಿ ಏನು ತಿನ್ನಬೇಕು, ಕೂಸಿಗೆ ಯಾವಾಗ ಸೂಜಿ ಹಾಕಿಸಬೇಕು, ಎಲ್ಲೆಲ್ಲಿ ಉಗುಳಬಾರದು, ಇಷ್ಟೇ ನನ್ನ ಪಾಠ. ಹಾಗಾಗಿ ನನ್ನ ಮಾತು ಅಲ್ಲಲ್ಲಿ ಗೋಡೆಯ ಮೇಲಿನ ಸೂಚನೆಯಂತೆ ಕೇಳಿಸಿದರೆ ಮನ್ನಿಸಿ.

ಈ ಕಾಗದ ಬರುತ್ತಿರುವುದು ಹಿಮ್ಮುಖ ಅಂಚೆಯಲ್ಲಿ. ಎಪ್ಪತ್ತು ದಾಟಿದವರು ಬದುಕಿನಲ್ಲಿ ಒಮ್ಮೆ ಹಿಂದಿನ ಕಾಲಕ್ಕೆ ಕಾಗದ ಹಾಕಬಹುದು. ಉತ್ತರ ಬರುವುದಿಲ್ಲ, ತಲುಪಿತೋ ಇಲ್ಲವೋ ಗೊತ್ತಾಗುವುದೂ ಇಲ್ಲ. ಬಹಳ ಜನ ಸತ್ತ ಅವ್ವನಿಗೆ ಬರೆಯುತ್ತಾರೆ. ನನಗೂ ನನ್ನವ್ವನಿಗೆ ಹೇಳುವುದು ಬೇಕಾದಷ್ಟಿತ್ತು. ಅವಳ ಪಾಲಿನ ಕಾಗದವನ್ನು ನಿಮಗೆ ಬರೆಯುತ್ತಿದ್ದೇನೆ, ಆದ್ದರಿಂದ ಅರ್ಧಕ್ಕೆ ಮಡಚಿಡಬೇಡಿ.

ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ದವಾಖಾನೆಯನ್ನು ಮುಚ್ಚಬೇಕೆಂದು ಆಜ್ಞೆಯಾಗಿದೆ. ಮುಚ್ಚಿದರೆ ನನ್ನ ಮೊಮ್ಮಗಳು ಕಸ್ತೂರಿ ಮುಂದಿನ ಮಳೆಗಾಲ ನೋಡುವುದಿಲ್ಲ. ಹನ್ನೆರಡು ವರ್ಷದ ಹುಡುಗಿ. ಅವಳ ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳುವುದಿಲ್ಲ, ತಿಂಗಳಿಗೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಅವಳ ಅಪ್ಪ ಅವ್ವ ಗಣಿಯ ಗುತ್ತಿಗೆಯಲ್ಲಿದ್ದಾರೆ, ಅವಧಿ ಮುಗಿಯುವವರೆಗೆ ಬೇಲಿ ದಾಟುವಂತಿಲ್ಲ. ಅವಳನ್ನು ಸಾಕುತ್ತಿರುವವಳು ನಾನು, ದವಾಖಾನೆಯ ಗೇಟಿನ ಎದುರು ಖಾನಾವಳಿ ನಡೆಸುವವಳು. ರೋಗಿಗಳ ಜೊತೆ ಬಂದವರಿಗೆ ಜೋಳದ ರೊಟ್ಟಿ ಬಡಿದು ಹಾಕುತ್ತೇನೆ. ಎಷ್ಟೋ ಊರಿನ ಅಳು ಕೇಳಿದ ಕಿವಿ ಇದು. ಮುಂದಿನ ದವಾಖಾನೆಗೆ ಹೋಗಬೇಕಾದರೆ ತಡೆಗಟ್ಟೆಗಳನ್ನು ದಾಟಬೇಕು. ತಡೆಗಟ್ಟೆ ಎಂದರೆ ಬಂದೂಕಿನವರು ಕುಳಿತು ನಿಮ್ಮ ಹೆಸರು, ಊರು, ಉದ್ದೇಶ ಕೇಳುವ ಜಾಗ. ರಕ್ತವಿಲ್ಲದ ಹುಡುಗಿ ಅಲ್ಲಿ ಸಾಲಿನಲ್ಲಿ ನಿಂತು ಬದುಕುವುದಿಲ್ಲ.

ಯಾಕೆ ಮುಚ್ಚುತ್ತಾರೆ ಎಂದು ಕೇಳುತ್ತೀರಿ. ನಮ್ಮೂರಲ್ಲಿ ಹೊಡೆದಾಟವಿಲ್ಲ, ಕೊಲೆಯಿಲ್ಲ, ಅದಕ್ಕೆ. ನಗಬೇಡಿ ಸಾಹೇಬರೇ. ನಮ್ಮ ಕಾಲದಲ್ಲಿ ಹಣವಿರುವ ಇಲಾಖೆ ಒಂದೇ, ಕಾವಲು ಖಾತೆ. ನೀರಿನ ಕೊಳಾಯಿ, ಸಾಲಿ ಮಾಸ್ತರರ ಸಂಬಳ, ಸೂಲಗಿತ್ತಿ, ಡಾಂಬರು, ಎಲ್ಲವೂ ಅದರ ಕೆಳಗೆ. ಯಾವ ಊರಿನಿಂದ ದೇಶಕ್ಕೆ ಅಪಾಯವಿದೆಯೋ ಆ ಊರಿಗೆ 'ಅಂಜಿಕೆ ದರ್ಜೆ' ಸಿಗುತ್ತದೆ, ದರ್ಜೆಯ ಹಿಂದೆ ದವಾಖಾನೆ ಬರುತ್ತದೆ, ದವಾಖಾನೆಯ ಹಿಂದೆ ರಸ್ತೆ. ಅಪಾಯವಿಲ್ಲದ ಊರಿಗೆ ಸಿಗುವುದು 'ನೆಮ್ಮದಿ ದರ್ಜೆ'. ಅಂದರೆ ಒಂದು ಪ್ರಶಸ್ತಿ ಪತ್ರ, ಮರುದಿನದಿಂದ ಏನೂ ಇಲ್ಲ. ನಮ್ಮ ಹೆಂಗಸರು ನೀರಿನ ಜಗಳದಲ್ಲಿ ಮೈಮೇಲೆ ಬಂದವರಂತೆ ಬೈಯುವಾಗ ಆಡುವ ಕೊನೆಯ ಮಾತು, ನಿನ್ನ ತವರೂರು ನೆಮ್ಮದಿಯಾಗಲಿ ಎಂಬುದು. ಅದಕ್ಕಿಂತ ಕೆಟ್ಟ ಶಾಪ ನಮಗೆ ಗೊತ್ತಿಲ್ಲ.

ಇದು ಹೇಗೆ ಶುರುವಾಯಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಿಮ್ಮ ಕಾಲದಲ್ಲಿ ಬಿಳೇಕಲ್ಲಿನವರು ದವಾಖಾನೆ ಬೇಕೆಂದು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರಂತೆ. ಒಬ್ಬ ಸಾಹೇಬರು ಕಡತ ಮುಚ್ಚಿ, ನಿಮ್ಮ ಕಡೆ ಗಲಾಟೆಯೇ ಇಲ್ಲವಲ್ಲ, ಅಷ್ಟೇನು ಅವಸರ, ಅಂದರಂತೆ. ಅವರು ಕೆಟ್ಟವರಾಗಿದ್ದರು ಎಂದು ನಾನು ಹೇಳುವುದಿಲ್ಲ. ಆ ವರ್ಷ ಹೆರಿಗೆಯಲ್ಲಿ ಒಬ್ಬಳು ಎತ್ತಿನ ಗಾಡಿಯಲ್ಲೇ ಸತ್ತಳು. ಅವಳ ಮೈದುನಂದಿರು ಸಿಟ್ಟಿಗೆದ್ದು ಒಂದು ಬಸ್ಸಿಗೆ ಬೆಂಕಿ ಹಚ್ಚಿದರು. ಮೊದಲು ಪೊಲೀಸರು ಬಂದರು, ಆಮೇಲೆ ಮಂತ್ರಿ ಬಂದರು, ವರ್ಷ ತುಂಬುವುದರೊಳಗೆ ದವಾಖಾನೆಗೆ ಕಲ್ಲು ಬಿತ್ತು. ಕೂಸು ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಗಾದೆ ನಮಗೆ ಮೊದಲೇ ಗೊತ್ತಿತ್ತು. ಅವತ್ತು ಕಲಿತದ್ದು, ಅತ್ತರೆ ಸಾಲದು, ಕಚ್ಚಬೇಕು ಎಂಬುದನ್ನು. ಪಕ್ಕದ ಊರಿನವರು ಪಾಪ, ಇನ್ನೂ ಅರ್ಜಿ ಬರೆಯುತ್ತಲೇ ಇದ್ದರು. ಆ ಊರು ಈಗ ಇಲ್ಲ.

ನಮ್ಮ ಅಜ್ಜಂದಿರ ಕಾಲಕ್ಕೆ ಅದು ಪದ್ಧತಿಯಾಯಿತು. ವರ್ಷಕ್ಕೊಮ್ಮೆ, ಜೋಳ ಒಕ್ಕಣೆಯಾದ ಮೇಲೆ, ನಮ್ಮೂರಿಗೆ ನಾವೇ ದಾಳಿ ಮಾಡಿಕೊಳ್ಳುತ್ತೇವೆ. ಅದಕ್ಕೆ ಹುಸಿದಾಳಿ ಎನ್ನುತ್ತಾರೆ. ಠಾಣೆಯ ಕಾವಲುಗಾರರು, ಅಂದರೆ ನಮ್ಮ ಮಕ್ಕಳೇ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಗುಡ್ಡದ ಕಡೆಯಿಂದ ಇಳಿದು ಬರುತ್ತಾರೆ. ಹೆಂಗಸರು ತೂತು ಬಿದ್ದ ಕೊಡ, ಮುರಿದ ಒರಳು ಅಂಗಳಕ್ಕೆ ತಂದಿಟ್ಟು, ದೋಚಿರಿ ಎಂದು ಕಾಯುತ್ತಾರೆ. ರಾಜಧಾನಿಯ ಮೇಲ್ಗಣ್ಣುಗಳು, ಅಂದರೆ ಹದ್ದಿನಂತೆ ಸುತ್ತುತ್ತ ಚಿತ್ರ ಹಿಡಿಯುವ ಯಂತ್ರಗಳು, ಎಲ್ಲವನ್ನೂ ನೋಡುತ್ತವೆ. ಆದ್ದರಿಂದ ಸರಿಯಾಗಿ ಅಳಬೇಕು. ಅಳು ಬಾರದವರು ಸೆರಗಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುತ್ತಾರೆ. ಒಂದು ವರ್ಷ ನಮ್ಮ ನೆರೆಮನೆಯ ಹುಲಿಗೆಮ್ಮ, ಮುಖ ಮುಚ್ಚಿಕೊಂಡ ಮಗನನ್ನು ನಡಿಗೆಯಿಂದಲೇ ಗುರುತು ಹಿಡಿದು, 'ಬಿಸಲಾಗ ಬಂದೀ, ಮಜ್ಜಿಗಿ ಕುಡದು ಲೂಟಿ ಮಾಡಪ' ಎಂದು ಕೂಗಿಬಿಟ್ಟಳು. ಇಡೀ ಊರು ನಗು ತಡೆಯಲು ಹೊಟ್ಟೆ ಹಿಡಿದುಕೊಂಡಿತು. ಮೇಲಿನಿಂದ ನೋಡಿದವರಿಗೆ ಅದು ಸಂಕಟದ ಹಾಗೇ ಕಂಡಿರಬೇಕು, ದರ್ಜೆ ಉಳಿಯಿತು.

ಈ ಸಲ ಉಳಿಯಲಿಲ್ಲ. ದಾಳಿ ನಡೆಯುತ್ತದೆ, ಆದರೆ ಯಾರೂ ಸಾಯುವುದಿಲ್ಲ, ಆದ್ದರಿಂದ ಬಿಳೇಕಲ್ಲು ನೆಮ್ಮದಿ ದರ್ಜೆಗೆ ಯೋಗ್ಯವಾಗಿದೆ ಎಂದು ಮೇಲಿನಿಂದ ಬಂತು. ಊರಿನ ಹಿರಿಯ ಗಾಳೆಪ್ಪ ತಾಲೂಕಿಗೆ ಹೋಗಿ ಅಲ್ಲಿನ ಅಧಿಕಾರಿಯ ಕಾಲಿಗೆ ಬಿದ್ದ. ಅಧಿಕಾರಿ ಅವನನ್ನು ಎಬ್ಬಿಸಿ ಕೂಡಿಸಿ ಚಹಾ ಕೊಟ್ಟು, ಒಂದಾದರೂ ಹೆಣ ಕಂಡರೆ ಹತ್ತು ವರ್ಷಕ್ಕೆ ಅಂಜಿಕೆ ದರ್ಜೆ ಬರೆಯಬಹುದು, ಇಲ್ಲವಾದರೆ ಏನಂತ ಬರೆಯಲಿ, ಎಂದನಂತೆ. ಮತ್ತೆ ಬಾಗಿಲವರೆಗೂ ಬಂದು, ಬಿಟ್ಟ ದಿನದಲ್ಲಿ ಮಾಡಬೇಡಿ, ಅದು ಲೆಕ್ಕಕ್ಕೆ ಬರುವುದಿಲ್ಲ, ಎಂದು ನೆನಪಿಸಿದನಂತೆ. ಅವನಿಗೂ ಕರುಳಿದೆ ನೋಡಿ.

ಗಾಳೆಪ್ಪ ಕಟ್ಟೆಗೆ ಎಲ್ಲರನ್ನೂ ಕರೆದು ಇದನ್ನು ಹೇಳಿದ. ಎಲ್ಲರ ಮನೆಯಲ್ಲೂ ಒಬ್ಬರಲ್ಲ ಒಬ್ಬರಿಗೆ ಆ ದವಾಖಾನೆ ಬೇಕು. ಒಬ್ಬ, ಹೆಸರು ಬೇಡ, ಒಳ್ಳೆಯವನೇ, ಮೆಲ್ಲಗೆ ಹೇಳಿದ: 'ಗೇಟಿನ ಮುಂದ ಮಲಗ್ತಾನಲ್ಲ ಆ ಹುಚ್ಚ, ಅಂವಗ ಹಿಂದ ಮುಂದ ಯಾರದಾರ?' ಕೆಲವರು ತಲೆ ತಗ್ಗಿಸಿದರು. ಯಾರೂ ಬೇಡ ಎನ್ನಲಿಲ್ಲ. ಗೇಟಿನ ಮುಂದಿನ ಆ ಮನುಷ್ಯ ಎಲ್ಲಿಂದ ಬಂದನೋ ಗೊತ್ತಿಲ್ಲ, ಯಾರನ್ನೋ ಈ ದವಾಖಾನೆಯಲ್ಲಿ ಕಳೆದುಕೊಂಡು ಇಲ್ಲೇ ಉಳಿದವನು. ದಿನಾ ನನ್ನ ಖಾನಾವಳಿಯ ಮುಂದೆ ಕುಳಿತು ರೊಟ್ಟಿ ತಿಂದು, ತಾಟು ತೊಳೆದಿಟ್ಟು, ನನ್ನನ್ನು ತಂಗಿ ಎಂದು ಕರೆಯುತ್ತಾನೆ. ನಾನು ಎದ್ದು ನಿಂತು, 'ನನ್ನ ಕೈಯಾಗಿನ ರೊಟ್ಟಿ ತಿಂದಾಂವನ ಹೆಣದ ಮ್ಯಾಲ ದವಾಖಾನಿ ನಡಸ್ತೀರೇನ್ರೋ? ಹೆಣಾನ ಬೇಕಂದ್ರ ನಾ ಅದೀನಿ, ತಗೋರಿ' ಎಂದೆ.

ಸಿಟ್ಟಿನಲ್ಲಿ ಬಂದ ಮಾತು ಅದು. ಸುಳ್ಳು ಯಾಕೆ ಹೇಳಲಿ, ಯಾರಾದರೂ ಒಬ್ಬರು, ಛೇ ಶಂಕ್ರವ್ವ, ಅಂಥ ಮಾತು ಆಡಬೇಡ ಎನ್ನುತ್ತಾರೆಂದು ಕಾದೆ. ಎಲ್ಲರೂ ನನ್ನ ಕಡೆ ನೋಡಿದರು. ಗಾಳೆಪ್ಪ ರುಮಾಲು ತೆಗೆದು ಎರಡೂ ಕೈ ಮುಗಿದ. ಅಲ್ಲಿಗೆ ತೀರ್ಮಾನವಾಯಿತು. ಅಷ್ಟು ವರ್ಷ ನನ್ನ ಜೊತೆ ನಕ್ಕ, ಜಗಳಾಡಿದ, ಉದ್ರಿ ಉಂಡ ಜನ. ಅವರ ಮೇಲೆ ಕೋಪವಿಲ್ಲ ಎಂದು ಬರೆಯಬೇಕೆಂದುಕೊಂಡಿದ್ದೆ. ಕೋಪವಿದೆ. ಆದರೆ ಅವರ ಜಾಗದಲ್ಲಿ ನಾನಿದ್ದರೂ ಸುಮ್ಮನೇ ಇರುತ್ತಿದ್ದೆನೇನೋ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು.

ನಿನ್ನೆ ಮಧ್ಯಾಹ್ನ ಮೌನೇಶ ಬಂದ. ಠಾಣೆಯಲ್ಲಿ ಗುರಿ ಸರಿಯಿರುವವನು ಅವನೇ, ಆದ್ದರಿಂದ ಕೆಲಸ ಅವನಿಗೆ ಬಿದ್ದಿದೆ. ಎರಡು ಮಕ್ಕಳ ತಂದೆ. ಎರಡೂ ಇದೇ ದವಾಖಾನೆಯಲ್ಲಿ ಹುಟ್ಟಿದವು. ತಾಟಿನ ಮುಂದೆ ಕುಳಿತು ರೊಟ್ಟಿ ಮುರಿಯುತ್ತಾನೆ, ಬಾಯಿಗೆ ಇಡುವುದಿಲ್ಲ. ಕೊನೆಗೆ, 'ಆಯಿ, ನನ್ನ ಕೈಲೆ ಆಗೂದಿಲ್ಲ' ಎಂದು ಅತ್ತುಬಿಟ್ಟ. ಅವನಿಗೆ ಉಳ್ಳಾಗಡ್ಡಿ ಬೇಕಾಗಲಿಲ್ಲ. 'ನಿನ್ನ ಕೈಲೆ ಆಗದಿದ್ರ ಕೈ ನಡಗಾಂವ ಇನ್ನೊಬ್ಬ ಬರ್ತಾನ, ಅರ್ಧ ಜೀವಾ ಇಟ್ಟು ಹೊಕ್ಕಾನ. ನೀನ ಬಾರಪ' ಎಂದೆ. ಕಸ್ತೂರಿಯನ್ನು ಅವನ ಹೆಂಡತಿ ತನ್ನ ಮಕ್ಕಳ ಜೊತೆ ಇಟ್ಟುಕೊಳ್ಳುತ್ತಾಳೆ ಎಂದು ಮಾತು ಕೊಟ್ಟ. ಆಮೇಲೆ ರೊಟ್ಟಿ ತಿಂದ. ತಿನ್ನಲೇಬೇಕು ಎಂದು ನಾನೇ ಎದುರು ಕುಳಿತು ತಿನ್ನಿಸಿದೆ.

ನನಗೆ ಹೆದರಿಕೆಯಾಗುತ್ತದೆ ಸಾಹೇಬರೇ. ನಾನೇನು ಶರಣೆಯಲ್ಲ. ಮುಂಜಾನೆಯಿಂದ ಹಿಟ್ಟು ನಾದುತ್ತಿದ್ದೇನೆ, ನೀರು ಹೆಚ್ಚಾಗುತ್ತದೆ, ಮತ್ತೆ ಹಿಟ್ಟು ಹಾಕುತ್ತೇನೆ. ನಾಳೆ ಬಿಸಿಲು ಇಳಿಯುವ ಮುಂಚೆ ಅವರು ಗುಡ್ಡದಿಂದ ಬರುತ್ತಾರೆ, ನಾನು ಖಾನಾವಳಿಯ ಮೆಟ್ಟಿಲ ಮೇಲೆ ಕುಳಿತಿರಬೇಕು. ಮೇಲ್ಗಣ್ಣಿಗೆ ಚೆನ್ನಾಗಿ ಕಾಣಲೆಂದು ಬಿಳಿ ಸೀರೆ ಉಡಲು ಹೇಳಿದ್ದಾರೆ.

ಇವತ್ತೂ ನಿಮ್ಮ ಕಚೇರಿಗೆ ಯಾರೋ ಬಂದಿರುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಗಟ್ಟಿಯಾಗಿ ಮಾತಾಡಲು ಬಾರದೆ, ಒಂದು ನಳ, ಒಬ್ಬ ಡಾಕ್ಟರು, ಒಂದು ಸೇತುವೆ ಕೇಳುತ್ತಿರುತ್ತಾರೆ. ಅವರ ಊರಲ್ಲಿ ಗಲಾಟೆಯಿಲ್ಲ ಎಂಬ ಕಾರಣಕ್ಕೆ ಅವರನ್ನು ನಾಳೆ ಬಾ ಎನ್ನಬೇಡಿ. ಕೇಳಿದಾಗಲೇ ಕೊಡಿ. ಬಸ್ಸು ಸುಟ್ಟ ಮೇಲೆ ಕೊಟ್ಟರೆ ಕೊಡುವುದು ದವಾಖಾನೆಯನ್ನಲ್ಲ, ಪಾಠವನ್ನು. ಆ ಪಾಠವನ್ನು ನಾವು ಬಹಳ ಚೆನ್ನಾಗಿ ಕಲಿತೆವು.

ಕಸ್ತೂರಿಗೆ ಎಲ್ಲ ಗೊತ್ತು. ಈ ಊರಲ್ಲಿ ಯಾವುದೂ ಮುಚ್ಚಿಡಲು ಆಗುವುದಿಲ್ಲ. ಇವತ್ತು ತಲೆ ಬಾಚಿಸಿಕೊಳ್ಳುತ್ತ ಕುಳಿತವಳು, 'ಆಯಿ, ಈ ಸಲ ಸಿಗೂ ದರ್ಜೆ ಎಷ್ಟ ವರ್ಷ ಇರ್ತೈತಿ?' ಎಂದು ಕೇಳಿದಳು. ಹತ್ತು ವರ್ಷ ಎಂದೆ. 'ಆಮ್ಯಾಲ?' ಎಂದಳು. ನಾನು ಜಡೆ ಹೆಣೆಯತೊಡಗಿದೆ. ಆಮೇಲೂ ದವಾಖಾನೆ ಬೇಕಲ್ಲ, ಮೌನೇಶ ಮಾಮಾನ ಮಕ್ಕಳಿಗೆ ಮಕ್ಕಳಾಗುತ್ತವಲ್ಲ, ಎಂದು ತನ್ನಷ್ಟಕ್ಕೆ ಯೋಚಿಸಿ, ಅಂಗಡಿಗೆ ಹೋಗಿ ಬರುತ್ತೇನೆ ಎನ್ನುವಷ್ಟು ಸಲೀಸಾಗಿ ಹೇಳಿದಳು: 'ಹಂಗಾದ್ರ ಆವಾಗ ನಾ ಕುಂದರ್ತೀನಿ ಬಿಡು.'

ಸಾಹೇಬರೇ, ನನ್ನನ್ನು ಉಳಿಸಿ ಎಂದು ನಾನು ಕೇಳುತ್ತಿಲ್ಲ. ನನ್ನ ಪಾಲಿನದು ಉಂಡಾಗಿದೆ. ಆ ಹುಡುಗಿಯ ಬಾಯಲ್ಲಿ ಆ ಮಾತು ಬರದ ಹಾಗೆ ಮಾಡಿ.

ಶಂಕ್ರವ್ವ